ಗರ್ಭಲಿಂಗಧಾರಣೆಯೂ ಗರ್ಭಪಾತದ ಪ್ರಶ್ನೆಯೂ



ಈ ತಿಂಗಳ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ ಮಠದ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬರುವಂಥದ್ದಲ್ಲ. ಮನೆಯ ಒಳಕೋಣೆಯಲ್ಲಿ ಹೆಂಗಸರು ಪಿಸುಮಾತಿನಲ್ಲಿ ಆಡಿ ಮುಗಿಸುವಂಥದ್ದು. ಆದರೂ ಬರೆಯಬೇಕಾಗಿ ಬಂದಿದೆ. ಇದೇ ಪ್ರಶ್ನೆಯನ್ನು ಹೊತ್ತು ಒಂದು ವರ್ಷದಲ್ಲಿ ಮೂರು ಮನೆಯವರು ಮದುಕ್ಕರೈಯ ನಮ್ಮ ಕಛೇರಿಗೆ ಬಂದರು. ಅವರಲ್ಲಿ ಒಂದು ಮನೆಯವರ ಒಪ್ಪಿಗೆ ಪಡೆದು, ಊರು ಹೆಸರು ಬಿಟ್ಟು, ನಡೆದದ್ದನ್ನು ಮೊದಲು ಹೇಳುತ್ತೇವೆ.

ತೆಂಗಿನಕಾಯಿ ವ್ಯಾಪಾರದ ಮನೆತನ. ಸೊಸೆಗೆ ಚೊಚ್ಚಲ ಬಸಿರು. ಐದನೆಯ ತಿಂಗಳ ಸ್ಕ್ಯಾನಿನಲ್ಲಿ ಶಿಶುವಿಗೆ ತಲೆಬುರುಡೆಯ ಮೇಲ್ಭಾಗವೂ ಮಿದುಳಿನ ಬಹುಭಾಗವೂ ಬೆಳೆದಿಲ್ಲವೆಂದು ಗೊತ್ತಾಗಿತ್ತು. ಹುಟ್ಟಿದರೂ ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಗರ್ಭ ತೆಗೆಸಬೇಕೆ, ಬೇಡವೆ ಎಂಬುದಕ್ಕೆ ಬುದ್ಧಿಯವರ ಬಾಯಿಂದ ಒಂದು ಮಾತು ಬೇಕಾಗಿತ್ತು. ಮಾವನವರು ಹೇಳಿದರು: "ಬುದ್ಧೀ, ಇನ್ನೂ ಲಿಂಗ ಕಟ್ಟಿಲ್ಲವಲ್ಲ, ದೋಷ ಇಲ್ಲ ಅಂತ ನಮ್ಮ ಮನೆಯವಳು ಅಂತಾಳೆ. ನಮ್ಮ ಅಣ್ಣಾವರು, ಜೀವ ಬಿದ್ದಾಯ್ತು, ತೆಗೆಸಿದರೆ ಶಿಶುಹತ್ಯೆ ಅಂತಾರೆ. ನಾವು ಯಾರ ಮಾತು ಕೇಳೋಣ?" ಮಗನು ತಲೆ ತಗ್ಗಿಸಿ ಕುಳಿತಿದ್ದ. ಆ ಹುಡುಗಿ ಕಂಬದ ಹತ್ತಿರ ನಿಂತಿದ್ದಳು. ಅರ್ಧ ಗಂಟೆ ಮಾತು ನಡೆಯಿತು, ಅವಳನ್ನು ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲವೆಂದು ಒಪ್ಪಿಕೊಳ್ಳಬೇಕು. ಕೊನೆಗೆ ಬುದ್ಧಿಯವರೇ, "ನಿನಗೇನು ಅನ್ನಿಸುತ್ತದವ್ವ?" ಎಂದರು. ಅವಳು ಹೇಳಿದ್ದು ಇಷ್ಟು: "ಡಾಕ್ಟರಮ್ಮ ಹೇಳಿದ್ದು ನನಗೆ ಅರ್ಥ ಆಗಿದೆ ಬುದ್ಧಿ. ಎರಡು ದಿನದಿಂದ ಒಳಗೆ ಮಿಸುಕಾಡ್ತಾ ಇದೆ. ತೆಗೆಸಿದ ಮೇಲೆ ಇದನ್ನ ಎಲ್ಲಿ ಮಣ್ಣು ಮಾಡ್ತೀರಿ ಅಂತ ಯಾರೂ ಹೇಳ್ತಾ ಇಲ್ಲ."

ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ತಿಳಿದ ಸಂಗತಿಗಳೇ ಈ ಪಾಠ. ನಾವು ಲೆಕ್ಕಪತ್ರ ನೋಡುವವರು, ಶಾಸ್ತ್ರಪಂಡಿತರಲ್ಲ, ವೈದ್ಯರೂ ಅಲ್ಲ. ತಿಳಿದವರನ್ನು ಕೇಳಿ, ಬುದ್ಧಿಯವರ ಮುಂದೆ ಓದಿ ಹೇಳಿ, ಅನಂತರ ಬರೆದಿದ್ದೇವೆ.

ಗರ್ಭದಲ್ಲಿರುವುದು ಎಂದಿನಿಂದ ಒಂದು ಜೀವ, ಎಂದಿನಿಂದ ಒಬ್ಬ ವ್ಯಕ್ತಿ ಎಂಬ ಪ್ರಶ್ನೆಗೆ ಹಿರಿಯರು ಒಂದೇ ತಿಂಗಳನ್ನು ಹೇಳಿಲ್ಲ. ಶುಕ್ರ ಶೋಣಿತಗಳ ಜೊತೆಗೆ ಜೀವವೂ ಕೂಡಿದಾಗಲೇ ಅದಕ್ಕೆ ಗರ್ಭವೆಂಬ ಹೆಸರು ಎಂದು ಚರಕ ಸಂಹಿತೆ ಹೇಳುತ್ತದೆ. ಸುಶ್ರುತ ಸಂಹಿತೆಯು ನಾಲ್ಕನೆಯ ತಿಂಗಳಲ್ಲಿ ಹೃದಯವೂ ಚೇತನವೂ ವ್ಯಕ್ತವಾಗುತ್ತವೆ ಎನ್ನುತ್ತದೆ. ಆಗ ತಾಯಿಗೆ ಎರಡು ಹೃದಯ, ಆದ್ದರಿಂದ ಅವಳು ದೌಹೃದಿನಿ, ಅವಳ ಬಯಕೆಯನ್ನು ತೀರಿಸಬೇಕು ಎಂಬುದು ಅದರ ವಿವರಣೆ. ನಮ್ಮ ಮನೆಗಳಲ್ಲಿ ಬಸುರಿಗೆ ಹುಳಿಯೋ ಸಿಹಿಯೋ ತಂದುಕೊಡುವ ಬಯಕೆಯ ಸಂಪ್ರದಾಯದ ಹಿಂದೆ ಇಂಥದೊಂದು ಎಣಿಕೆ ಇದೆ. ಗರ್ಭೋಪನಿಷತ್ತು ಜೀವಸಂಯೋಗವನ್ನು ಏಳನೆಯ ತಿಂಗಳಿಗೆ ಇಡುತ್ತದೆ. ನಮ್ಮ ನೆರೆಯ ಮುಸಲ್ಮಾನ ಬಂಧುಗಳ ಧರ್ಮಶಾಸ್ತ್ರದಲ್ಲಿ 120 ದಿನಗಳ ಮಾತಿದೆ. ಕ್ಯಾಥೊಲಿಕ್ ಚರ್ಚು ಗರ್ಭ ನಿಂತ ಕ್ಷಣದಿಂದಲೇ ಪೂರ್ಣ ರಕ್ಷಣೆ ಎನ್ನುತ್ತದೆ.

ವೈದ್ಯರನ್ನು ಕೇಳಿದರೆ ಅವರೂ ಒಂದು ದಿನವನ್ನು ತೋರಿಸುವುದಿಲ್ಲ, ಹಂತಗಳನ್ನು ಹೇಳುತ್ತಾರೆ. ಆರನೆಯ ವಾರದ ಸುಮಾರಿಗೆ ಸ್ಕ್ಯಾನಿನಲ್ಲಿ ಹೃದಯದ ಮಿಡಿತ ಕಾಣುತ್ತದೆ. ಚೊಚ್ಚಲ ಬಸುರಿಗೆ ಶಿಶು ಮಿಸುಕುವುದು 18ರಿಂದ 20 ವಾರದ ಹೊತ್ತಿಗೆ ತಿಳಿಯುತ್ತದೆ. ದೊಡ್ಡ ಆಸ್ಪತ್ರೆಯ ಎಲ್ಲ ಸೌಕರ್ಯವಿದ್ದರೆ 24 ವಾರದ ಸುಮಾರಿಗೆ ಹುಟ್ಟಿದ ಮಗು ಉಳಿಯುವ ಸಾಧ್ಯತೆ ಬರುತ್ತದೆ. ಇಲ್ಲಿ ಎಣಿಕೆಯ ಒಂದು ತೊಡಕನ್ನು ನಮ್ಮ ಭಕ್ತರು ತಿಳಿದಿರಬೇಕು. ವೈದ್ಯರು ವಾರಗಳನ್ನು ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಎಂದರೆ ಅವರ ಲೆಕ್ಕದ ಮೊದಲ ಎರಡು ವಾರ ಗರ್ಭವೇ ಇರುವುದಿಲ್ಲ. ಮನೆಯ ಲೆಕ್ಕಕ್ಕೂ ಆಸ್ಪತ್ರೆಯ ಲೆಕ್ಕಕ್ಕೂ ವ್ಯತ್ಯಾಸ ಬಂದು ಗಡುವು ತಪ್ಪಿದವರಿದ್ದಾರೆ.

ಏಳು ತಿಂಗಳಿಗೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ ಎಂದು ಅಜ್ಜಿಯರು ಹೇಳುವುದುಂಟು. ಅದು ನಿಜವಲ್ಲ. ಒಳಗೆ ಹೆಚ್ಚು ದಿನ ಇದ್ದಷ್ಟೂ ಮಗುವಿಗೆ ಬಲ ಹೆಚ್ಚು.

ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಬಿತ್ತಿದ ದಿನ ಒಂದು, ಮೊಳೆತ ದಿನ ಒಂದು, ತೆನೆ ಕಂಡ ದಿನ ಮತ್ತೊಂದು. ಜೋಳ ಯಾವತ್ತು ಬೆಳೆಯಾಯಿತು ಎಂದು ಕೇಳಿದರೆ ಯಾವ ಕೆಲಸಕ್ಕಾಗಿ ಕೇಳುತ್ತೀರಿ ಎಂದು ಅವನು ತಿರುಗಿ ಕೇಳುತ್ತಾನೆ. ಹಾಗೆಂದು ಮೊಳಕೆಯ ಮೇಲೆ ಎತ್ತು ಹಾಯಿಸುವುದಿಲ್ಲ.

ಕನ್ನಡದಲ್ಲಿ ಬಸುರಿಯನ್ನು ಎರಡು ಜೀವದವಳು ಎನ್ನುತ್ತೇವೆ. ಎಣಿಕೆ ಎರಡು, ಆಳು ಒಬ್ಬಳು. ಒಳಗಿರುವುದು ಏನೂ ಅಲ್ಲವೆಂದು ಈ ಮಾತು ಹೇಳುವುದಿಲ್ಲ. ತಾಯಿಯನ್ನು ಬದಿಗಿಟ್ಟು ಅದನ್ನು ಬೇರೆಯಾಗಿ ಎಣಿಸುವುದೂ ಇಲ್ಲ.

ಈಗ ನಮ್ಮ ಧರ್ಮದ ವಿಶೇಷಕ್ಕೆ ಬರೋಣ. ಮಗು ಹುಟ್ಟುವುದಕ್ಕೆ ಮೊದಲೇ, ಗರ್ಭಕ್ಕೆ ಎಂಟನೆಯ ತಿಂಗಳು ನಡೆಯುವಾಗ, ಗುರುವು ಬಂದು ಶಿಶುವಿಗಾಗಿ ಲಿಂಗಧಾರಣೆ ಮಾಡುವ ಸಂಸ್ಕಾರ ನಮ್ಮಲ್ಲಿದೆ. ತಾಯಿಗೆ ವಿಭೂತಿ ಧರಿಸಿ, ಶಿಶುವಿನ ಪಾಲಿನ ಲಿಂಗವನ್ನು ಅವಳ ಕೊರಳಿಗೇ ಕಟ್ಟುತ್ತಾರೆ. ಹೆರಿಗೆಯಾದ ಮೇಲೆ ಆ ಲಿಂಗವನ್ನು ಕೂಸಿಗೆ ಧರಿಸುತ್ತಾರೆ. ಇತ್ತೀಚೆಗೆ ಅನೇಕರು ಹುಟ್ಟಿದ ನಂತರವೇ ಮಾಡಿಸುತ್ತಾರೆ. ನಮ್ಮ ಗಡಿಭಾಗದಲ್ಲಿ ತಮಿಳರ ವಳೈಕಾಪ್ಪು ನೋಡಿ ಬಳೆ ತೊಡಿಸುವುದನ್ನು ದೊಡ್ಡ ಮಂಟಪದಲ್ಲಿ ಮಾಡಿ, ಗರ್ಭಲಿಂಗವನ್ನು ಮರೆತ ಮನೆಗಳೂ ಇವೆ. ಅದಿರಲಿ. ಜನನ ಸೂತಕವನ್ನು ಒಪ್ಪದ ಶರಣಮಾರ್ಗದಲ್ಲಿ ಹುಟ್ಟುವ ಕೂಸು ಮೈಲಿಗೆಯಾಗಿ ಬರುವುದಿಲ್ಲ, ಭಕ್ತನಾಗಿಯೇ ಬರುತ್ತದೆ ಎಂಬುದು ಇದರ ತಾತ್ಪರ್ಯ.

ಲಿಂಗ ಕಟ್ಟಿಲ್ಲ, ಆದ್ದರಿಂದ ದೋಷವಿಲ್ಲ ಎಂಬ ಅತ್ತೆಯವರ ಮಾತಿಗೆ ಇಲ್ಲಿಂದ ಆಧಾರ ಸಿಗುತ್ತದೆಯೆ? ಸಿಗುವುದಿಲ್ಲವೆಂದು ಬುದ್ಧಿಯವರು ಹೇಳಿದರು. ಲಿಂಗ ಕಟ್ಟಿದ್ದರಿಂದ ಜೀವ ಬರುವುದಲ್ಲ, ಇರುವ ಚೈತನ್ಯವನ್ನು ಗುರು ಗುರುತಿಸಿ ಕೊಡುತ್ತಾನೆ ಅಷ್ಟೆ. ದೀಕ್ಷೆಯಾಗದ ಐದು ವರ್ಷದ ಹುಡುಗನನ್ನು ಮನುಷ್ಯನಲ್ಲವೆಂದು ಯಾರಾದರೂ ಹೇಳುತ್ತಾರೆಯೆ? ಹಾಗಾದರೆ ದೊಡ್ಡಪ್ಪನವರ ಮಾತು, ಮೊದಲ ದಿನದಿಂದ ಅದು ತಾಯಿಗೆ ಸರಿಸಮ ಎಂಬುದು, ಸರಿಯೆ? ಅದೂ ಈ ಸಂಸ್ಕಾರದಿಂದ ಹೊರಡುವುದಿಲ್ಲ. ಶಿಶುವಿನ ಲಿಂಗಕ್ಕೆ ತಾಯಿಯ ಕೊರಳಲ್ಲದೆ ಬೇರೆ ನೆಲೆಯಿಲ್ಲ. ಅವಳ ಲಿಂಗದ ಪಕ್ಕದಲ್ಲಿ ಅದು ಇರುತ್ತದೆ, ಅವಳು ಮಾಡುವ ಪೂಜೆಯಲ್ಲೇ ಅದಕ್ಕೂ ಪೂಜೆ. ತಾಯಿಯನ್ನು ಕಳೆದು ಶಿಶುವನ್ನು ಗೌರವಿಸುವ ದಾರಿ ಅಲ್ಲಿಲ್ಲ.

ಈ ಎರಡನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗರ್ಭದ ಶಿಶುವಿಗೂ ತಾಯಿಗೂ ಸರಿಸಮನಾದ ಹಕ್ಕು ಎಂದು ಬರೆದಿಟ್ಟ ಒಂದು ದೇಶದಲ್ಲಿ ನಮ್ಮದೇ ಲಿಂಗಾಯತ ಮನೆತನದ ಹೆಣ್ಣುಮಗಳು ಜೀವ ಬಿಟ್ಟಳು. ಪತ್ರಿಕೆಗಳಲ್ಲಿ ಆಗ ಓದಿದವರಿಗೆ ನೆನಪಿರಬಹುದು. ಮರೆತವರಿಗಾಗಿ ವಿವರವಾಗಿ ಹೇಳುತ್ತೇವೆ.

ಸವಿತಾ ಹಾಲಪ್ಪನವರ್ 1981ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ನಮ್ಮ ಸಮಾಜದ ಹಿರಿಯರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯ ಕಾಲೇಜಿನಲ್ಲಿ ಓದಿ ದಂತವೈದ್ಯರಾದರು. ಇಂಜಿನಿಯರರಾದ ಪತಿ ಪ್ರವೀಣ ಅವರೊಂದಿಗೆ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, 17 ವಾರದ ಬಸಿರಿನಲ್ಲಿ, ಬೆನ್ನುನೋವೆಂದು ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಅಂದೇ ತಿಳಿದಿತ್ತು. ಆ ರಾತ್ರಿ ಕಳೆಯುವುದರೊಳಗೆ ನೀರಿನ ಚೀಲವೂ ಒಡೆಯಿತು. ಉಳಿಯದ ಗರ್ಭವನ್ನು ಬೇಗ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಶಿಶುವಿನ ಎದೆ ಇನ್ನೂ ಮಿಡಿಯುತ್ತಿದೆ, ಆದ್ದರಿಂದ ಆಗದು ಎಂಬುದೇ ಅವರಿಗೆ ಬಂದ ಉತ್ತರ. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಹೇಳಿದ್ದು ನಿಜವೆಂದು ಒಬ್ಬ ದಾದಿ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. 24ರಂದು ಶಿಶುವಿನ ಮಿಡಿತ ತಾನಾಗಿ ನಿಂತು ಗರ್ಭ ಇಳಿಯಿತು. 28ರಂದು ಸವಿತಾ ತೀರಿಕೊಂಡರು. ವಯಸ್ಸು 31.

ಹೀಗೇಕಾಯಿತು? 1983ರಲ್ಲಿ ಐರ್ಲೆಂಡಿನ ಜನ ಮತ ಹಾಕಿ ತಮ್ಮ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದಿದ್ದರು. ಹುಟ್ಟದ ಶಿಶುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ ಎಂಬುದು ಅದರ ಸಾರ. ಕೇಳುವುದಕ್ಕೆ ಎಷ್ಟು ಧರ್ಮದ ಮಾತು! ತಾಯಿಯ ಜೀವಕ್ಕೇ ನಿಜವಾದ ಅಪಾಯ ಬಂದರೆ ಗರ್ಭ ತೆಗೆಯಬಹುದೆಂದು ಅವರ ಸುಪ್ರೀಂ ಕೋರ್ಟು 1992ರಲ್ಲಿ ಹೇಳಿತ್ತು. ಆದರೆ ಎಷ್ಟು ಅಪಾಯ, ಯಾವ ಹೊತ್ತಿನಲ್ಲಿ ಎಂಬ ಕಾನೂನನ್ನು ಇಪ್ಪತ್ತು ವರ್ಷ ಯಾರೂ ಬರೆಯಲಿಲ್ಲ. ವೈದ್ಯರು ಅಪಾಯ ಬರುವುದನ್ನು ಕಾಯುತ್ತ ಕುಳಿತರು. ಅದು ಬಂದಾಗ ಹೊತ್ತು ಮೀರಿತ್ತು. ಕಾನೂನೊಂದನ್ನೇ ದೂರುವುದು ನ್ಯಾಯವಲ್ಲ. ರಕ್ತಪರೀಕ್ಷೆಯ ವರದಿಯನ್ನು ಹೊತ್ತಿಗೆ ನೋಡದಿರುವುದೇ ಮೊದಲಾದ ಲೋಪಗಳೂ ಇದ್ದವು. ಅವಳನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದವೆಂದು ಅಲ್ಲಿನ ಆರೋಗ್ಯ ತನಿಖಾ ಪ್ರಾಧಿಕಾರ 2013ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಆದರೂ, ಕೇಳಿದ ಹೊತ್ತಿಗೇ ಗರ್ಭ ತೆಗೆದಿದ್ದರೆ ಅವಳು ಬಹುಮಟ್ಟಿಗೆ ಬದುಕುತ್ತಿದ್ದಳು ಎಂದು ಅದೇ ವರ್ಷದ ಮರಣವಿಚಾರಣೆಯಲ್ಲಿ ಪ್ರಸೂತಿ ತಜ್ಞರಾದ ಪೀಟರ್ ಬಾಯ್ಲನ್ ಸಾಕ್ಷಿ ನುಡಿದರು.

ಆ ದೇಶದವರು ಸವಿತಾಳನ್ನು ಮರೆಯಲಿಲ್ಲ. 2018ರ ಮೇ 25ರಂದು ಮತ್ತೆ ಜನಮತ ನಡೆದು, ನೂರಕ್ಕೆ 66.4 ಮಂದಿ ಆ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದಿದ್ದ ಅವಳ ಚಿತ್ರದ ಸುತ್ತ ಜನ ಹೂವಿಟ್ಟು, ಚೀಟಿಗಳಲ್ಲಿ ಕ್ಷಮೆ ಕೇಳಿ ಬರೆದು ಅಂಟಿಸಿದರು. ಬೆಳಗಾವಿಯ ಮಗಳೊಬ್ಬಳಿಂದ ಯೂರೋಪಿನ ಒಂದು ಸಂವಿಧಾನ ಬದಲಾಯಿತು. ಎಷ್ಟು ಮಂದಿ ನಮ್ಮವರಿಗೆ ಇದು ಗೊತ್ತು?

ಸತ್ತೇ ಹೋಗುವುದೆಂದು ಗೊತ್ತಿದ್ದ ಶಿಶುವಿನ ಕೊನೆಯ ಮಿಡಿತಕ್ಕೆ ಕೊಟ್ಟ ಗೌರವವನ್ನು ತಾಯಿಯ ಉಸಿರಿಗೆ ಕೊಡದೆಹೋದದ್ದು ನಮಗೆ ಧರ್ಮವಾಗಿ ಕಾಣುವುದಿಲ್ಲ. ಇಂಥ ವಾದ ಹಳೆಯದಾಗಿ ಹೋಯಿತೆಂದೂ ತಿಳಿಯಬಾರದು. ಅಮೆರಿಕದಲ್ಲಿ 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟು 2022ರ ಜೂನ್ 24ರಂದು ತೆಗೆದುಹಾಕಿತು. 2024ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಕೋರ್ಟು, ಪ್ರಯೋಗಾಲಯದಲ್ಲಿ ಶೈತ್ಯದಲ್ಲಿಟ್ಟ ಭ್ರೂಣಗಳೂ ಮಕ್ಕಳೇ ಎಂದು ತೀರ್ಪು ಕೊಟ್ಟಿತು. ಕೊಯಮತ್ತೂರಿನ ರಸ್ತೆಗಳಲ್ಲಿ ಬಂಜೆತನ ಚಿಕಿತ್ಸೆಯ ಫಲಕಗಳನ್ನು ದಿನವೂ ನೋಡುವ ನಾವು ಆ ಲೆಕ್ಕ ಇಲ್ಲಿಗೆ ಬಂದರೆ ಏನಾದೀತು ಎಂದು ಯೋಚಿಸಿಕೊಳ್ಳಬಹುದು.

ನಮ್ಮ ದೇಶದ ಕಾನೂನು ಒಂದೇ ದಿನವನ್ನು ಹಿಡಿದುಕೊಂಡಿಲ್ಲ. ವ್ಯಾಪಾರಸ್ಥರಿಗೆ ಇದು ಹೊಸದಲ್ಲ. ಸರಕಿಗೆ ಆರ್ಡರ್ ಕೊಟ್ಟ ದಿನ, ಸರಕು ಇಳಿದ ದಿನ, ಹಣ ಕೊಟ್ಟ ದಿನ ಬೇರೆ ಬೇರೆ, ಒಂದೊಂದು ದಿನವೂ ಒಂದೊಂದು ಲೆಕ್ಕಕ್ಕೆ ಬರುತ್ತದೆ. ಆಸ್ತಿಯ ವಿಷಯ ನೋಡಿ. 1956ರ ಹಿಂದೂ ವಾರಸಾ ಕಾಯ್ದೆ ವೀರಶೈವ ಲಿಂಗಾಯತರಿಗೂ ಅನ್ವಯಿಸುವುದೆಂದು ಅದರಲ್ಲೇ ಹೆಸರು ಹೇಳಿ ಬರೆದಿದೆ. ಅದರ 20ನೆಯ ಸೆಕ್ಷನ್ ಪ್ರಕಾರ, ಉಯಿಲು ಬರೆಯದೆ ತಂದೆ ತೀರಿಕೊಂಡಾಗ ಗರ್ಭದಲ್ಲಿದ್ದ ಶಿಶು ಆಮೇಲೆ ಜೀವಂತ ಹುಟ್ಟಿದರೆ, ಮೊದಲೇ ಹುಟ್ಟಿದ ಮಕ್ಕಳಷ್ಟೇ ಪಾಲು ಅದಕ್ಕೂ ಉಂಟು. ಜೀವಂತ ಹುಟ್ಟಬೇಕೆಂಬ ಷರತ್ತನ್ನು ಗಮನಿಸಿ. ಅಪರಾಧದ ಕಾನೂನಿನಲ್ಲಿ, ತಾಯಿಯ ಗರ್ಭದಲ್ಲಿರುವ ಶಿಶುವಿನ ಸಾವನ್ನು ನರಹತ್ಯೆ ಎನ್ನುವುದಿಲ್ಲ. ಶಿಶುವಿನ ದೇಹದ ಯಾವುದಾದರೂ ಭಾಗ ಹೊರಗೆ ಬಂದ ಮೇಲೆ ಕೊಂದರೆ ಅದು ನರಹತ್ಯೆಯಾಗಬಹುದು. ಹಾಗೆಂದು ಕಾನೂನು ಬಾಹಿರವಾಗಿ ಗರ್ಭಪಾತ ಮಾಡಿಸುವುದಕ್ಕೆ ಶಿಕ್ಷೆ ಇಲ್ಲದಿಲ್ಲ. ಸಾಧಾರಣವಾಗಿ ಮೂರು ವರ್ಷದವರೆಗೆ, ಶಿಶು ಮಿಸುಕತೊಡಗಿದ ಮೇಲಾದರೆ ಏಳು ವರ್ಷದವರೆಗೆ. 1860ರ ದಂಡಸಂಹಿತೆಯ ಈ ಮಾತುಗಳೇ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮುಂದುವರಿದಿವೆ. ಇನ್ನು ಜನನ ಮರಣ ನೋಂದಣಿಯಲ್ಲಿ 28 ವಾರ ತುಂಬಿ ಸತ್ತು ಹುಟ್ಟಿದರೆ ಮಾತ್ರ ಅದನ್ನು ಮೃತಜನನವೆಂದು ಬರೆಸಬೇಕು. 28 ವಾರವೆಂದರೆ ನಾಲ್ಕು ವಾರದ ತಿಂಗಳಿನಂತೆ ಏಳು ತುಂಬಿ ಎಂಟಕ್ಕೆ ಬಿದ್ದಂತೆ. ಗರ್ಭಲಿಂಗದ ತಿಂಗಳೂ ಅದೇ ಆಗಿರುವುದನ್ನು ಲೆಕ್ಕ ಹಾಕಿ ನೋಡಿದಾಗ ನಮಗೆ ಸೋಜಿಗವಾಯಿತು.

ಗರ್ಭಪಾತದ ಕಾಯ್ದೆ ಬಂದದ್ದು 1971ರಲ್ಲಿ. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಸಾಯುವ ಹೆಂಗಸರನ್ನು ಕಂಡು 1964ರಲ್ಲಿ ಸರ್ಕಾರ ಶಾಂತಿಲಾಲ್ ಷಾ ಅವರ ಸಮಿತಿಯನ್ನು ನೇಮಿಸಿತ್ತು, ಅದರ ಫಲ ಇದು. 2021ರ ತಿದ್ದುಪಡಿಯ ನಂತರ ಈಗಿನ ನಿಯಮ ಹೀಗಿದೆ: 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಅದೂ ಕೆಲವು ಸಂದರ್ಭಗಳಿಗೆ ಮಾತ್ರ. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸಿರಿನಲ್ಲೇ ವಿಧವೆಯಾದವರು, ಶಿಶುವಿಗೆ ತೀವ್ರ ದೋಷ ಕಂಡವರು ಮುಂತಾಗಿ. ದೋಷ ಬಹಳ ಗಂಭೀರವಾದರೆ 24 ವಾರದ ನಂತರವೂ ವೈದ್ಯಕೀಯ ಮಂಡಳಿ ಒಪ್ಪಬಹುದು. ತಾಯಿಯ ಜೀವ ಉಳಿಸುವುದಕ್ಕಾದರೆ ವಾರದ ಲೆಕ್ಕವೇ ಇಲ್ಲ. ಸವಿತಾ ಇಲ್ಲಿನ ಆಸ್ಪತ್ರೆಯಲ್ಲಿದ್ದಿದ್ದರೆ ಶಿಶುವಿನ ಮಿಡಿತ ನಿಲ್ಲಲೆಂದು ಕಾಯಬೇಕಾದ ಕಾನೂನು ಇರಲಿಲ್ಲ.

ನಮ್ಮ ಹಿರಿಯರು ಅರಿಯದ ಇನ್ನೊಂದು ಅಂಶ ಇದೆ. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ, ಮಾವನ ಸಹಿ ಕಾಯ್ದೆಯಲ್ಲಿಲ್ಲ. ಕೆಲವು ಕಡೆ ಕೇಳುತ್ತಾರೆ, ಅದು ರೂಢಿ ಮಾತ್ರ. ಅವಳ ಹೆಸರನ್ನು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯುಂಟು. ಅಂಗಡಿ ಕಟ್ಟೆಯ ಮೇಲೆ ಕುಳಿತು ಇಂಥವರ ಮನೆ ಸೊಸೆ ಇಂಥ ಆಸ್ಪತ್ರೆಗೆ ಹೋಗಿದ್ದಳಂತೆ ಎನ್ನುವವರಿಗೆ ಶಿಕ್ಷೆಯಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

ಇಷ್ಟು ಓದಿದವರು, ಹಾಗಾದರೆ ಮಠ ಗರ್ಭಪಾತಕ್ಕೆ ಒಪ್ಪಿಗೆ ಕೊಟ್ಟಿತು ಎಂದು ಹೇಳಿಕೊಂಡು ಹೊರಟರೆ ನಮಗೆ ಅನ್ಯಾಯವಾಗುತ್ತದೆ. ಏಕೆಂದರೆ ಮೂರು ಮನೆಯವರಲ್ಲಿ ಮತ್ತೊಬ್ಬರು ಬಂದದ್ದು ಬೇರೆಯೇ ಕಾರಣಕ್ಕೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಮೂರನೆಯದು ಏನೆಂದು ತಿಳಿಯಲು ಕರ್ನಾಟಕದ ಕಡೆ ಒಂದು ಜಾಗ ಇದೆಯಂತೆ, ಹೋಗಬಹುದೆ ಎಂದು ಸುತ್ತಿ ಬಳಸಿ ಕೇಳಿದರು. ಬುದ್ಧಿಯವರು ಅವರಿಗೆ ಪ್ರಸಾದ ಕೊಟ್ಟು ಕಳಿಸಿದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಬುದ್ಧಿಯವರು ಮೌನವಾಗಿದ್ದುದನ್ನು ನಾವು ಅಷ್ಟು ಹೊತ್ತು ಕಂಡದ್ದಿಲ್ಲ.

ಅಂಥ ಜಾಗಗಳು ಇದ್ದದ್ದು ನಿಜ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಹುಳ್ಳೇನಹಳ್ಳಿಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಗಂಡೋ ಹೆಣ್ಣೋ ನೋಡಿ ಹೇಳುತ್ತಿದ್ದರು. ಹೆಣ್ಣಾದರೆ ತೆಗೆಯುತ್ತಿದ್ದರು. ಮೂರು ವರ್ಷದಲ್ಲಿ ಸುಮಾರು 900 ಎಂದು ಪೊಲೀಸರ ಹೇಳಿಕೆ. ಬೆಲ್ಲದ ವಾಸನೆ ಬರುವ ಜಾಗದಲ್ಲಿ! ತಮಿಳುನಾಡಿನಲ್ಲಿ ಹುಟ್ಟಿದ ಹೆಣ್ಣುಕೂಸನ್ನು ಕೊಲ್ಲುವುದನ್ನು ತಡೆಯಲು 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಯೋಜನೆ ಆರಂಭವಾಗಿತ್ತು. ಸಾಕಲಾರದವರು ಸರ್ಕಾರದ ತೊಟ್ಟಿಲಲ್ಲಿ ಮಲಗಿಸಿ ಹೋಗಲಿ ಎಂದು. ಯಂತ್ರ ಬಂದ ಮೇಲೆ ಕೊಲೆ ತೊಟ್ಟಿಲಿನಿಂದ ಗರ್ಭಕ್ಕೆ ಸರಿಯಿತು. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ತಮಿಳುನಾಡಿನಲ್ಲಿ 943, ಕರ್ನಾಟಕದಲ್ಲಿ 948 ಹೆಣ್ಣುಮಕ್ಕಳಿದ್ದರು.

ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಭ್ರೂಣಲಿಂಗ ಪತ್ತೆ ಎನ್ನುತ್ತಾರೆ. ಲಿಂಗಪತ್ತೆ, ಲಿಂಗಧಾರಣೆ. ಶಬ್ದ ಒಂದೇ, ನಡುವೆ ಇರುವ ದೂರವನ್ನು ನೋಡಿ. ಗರ್ಭಕ್ಕೆ ಲಿಂಗ ಕಟ್ಟುವ ಗುರು ಒಳಗಿರುವುದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ, ಎರಡಕ್ಕೂ ಕಟ್ಟುವುದು ಅದೇ ಲಿಂಗ. ಈ ಸಂಸ್ಕಾರವನ್ನು ಒಪ್ಪುವ ಮನೆಯವರು ಆಲೆಮನೆಯ ಬಾಗಿಲು ತಟ್ಟುವುದಕ್ಕೆ ಯಾವ ದಾರಿಯೂ ಇಲ್ಲ. ಹೆಣ್ಣೆಂಬ ಕಾರಣಕ್ಕೆ ತೆಗೆಸುವವರು ಒಳಗಿರುವುದು ಏನೂ ಅಲ್ಲವೆಂದು ನಂಬಿ ತೆಗೆಸುವುದಿಲ್ಲ. ಅದು ಮಗಳೆಂದು ಚೆನ್ನಾಗಿ ತಿಳಿದೇ ತೆಗೆಸುತ್ತಾರೆ. 1994ರ ಕಾಯ್ದೆ ಇದನ್ನು ನಿಷೇಧಿಸಿದೆ. ಕೇಳಿದವರಿಗೂ ಹೇಳಿದವರಿಗೂ ಮೂರು ವರ್ಷದವರೆಗೆ ಸಜೆ. ಆದರೆ ಆ ಕಾಯ್ದೆಯಲ್ಲಿ ಒಂದು ಮಾತು ನಮ್ಮನ್ನು ತಲೆ ತಗ್ಗಿಸುವಂತೆ ಮಾಡುತ್ತದೆ: ಬಸುರಿಯು ಗಂಡನ ಅಥವಾ ನೆಂಟರ ಒತ್ತಾಯದಿಂದಲೇ ಪರೀಕ್ಷೆಗೆ ಬಂದಳೆಂದು, ಬೇರೆ ರುಜುವಾತು ಬರುವ ತನಕ, ಕೋರ್ಟು ಭಾವಿಸಬೇಕು. ಮನೆಗಳ ಸ್ಥಿತಿಯನ್ನು ಕಾಯ್ದೆ ಬರೆದವರು ಬಲ್ಲವರಾಗಿದ್ದರು.

ಹಾಗಾದರೆ ಅವಳು ಏನು ನಿರ್ಧರಿಸಿದರೂ ಸರಿಯೆ ಎಂದು ಕೇಳಬಹುದು. ಇದಕ್ಕೆ ಸುಲಭದ ಉತ್ತರ ನಮ್ಮಲ್ಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ಇಬ್ಬರು ಮಕ್ಕಳ ತಾಯಿಯೊಬ್ಬಳು ಬಂದಿದ್ದಳು. ಹಿಂದಿನ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದಳು, ಮೂರನೆಯ ಬಸಿರು ತಿಳಿದದ್ದೇ ತಡವಾಗಿ. ಮೊದಲು ಕೋರ್ಟು ಒಪ್ಪಿತು. ಆಮೇಲೆ ವೈದ್ಯರು, ಶಿಶು ಬದುಕಬಲ್ಲಷ್ಟು ಬೆಳೆದಿದೆ, ತೆಗೆಯಬೇಕಾದರೆ ಮಿಡಿತವನ್ನು ನಿಲ್ಲಿಸಬೇಕಾಗುತ್ತದೆ, ಏನು ಮಾಡಲಿ ಎಂದು ಬರೆದು ಕೇಳಿದರು. ಪೀಠದ ಇಬ್ಬರು ಮಹಿಳಾ ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು. ಮಿಡಿತ ನಿಲ್ಲಿಸಿ ಎಂದು ಹೇಳಲು ನ್ಯಾಯಮೂರ್ತಿ ಹಿಮಾ ಕೊಹ್ಲಿಯವರ ಮನಸ್ಸು ಒಪ್ಪಲಿಲ್ಲ. ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದು ನಮ್ಮ ಕನ್ನಡಿತಿ ನ್ಯಾಯಮೂರ್ತಿ ನಾಗರತ್ನ ಅವರು ಹೇಳಿದರು. ಕೊನೆಗೆ ಅಕ್ಟೋಬರ್ 16ರಂದು ಮೂವರ ಪೀಠ, 26 ವಾರ ದಾಟಿದೆ, ಶಿಶುವಿಗೆ ದೋಷವಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ ಎಂದು ಅನುಮತಿ ನಿರಾಕರಿಸಿತು. ನಮ್ಮ ಮಠದ ಕಾರ್ಯಕಾರಿ ಸಮಿತಿಯಲ್ಲಿ ಇದನ್ನು ಓದಿದಾಗ ಅಲ್ಲೂ ಅದೇ ಭಿನ್ನಾಭಿಪ್ರಾಯ ಬಂತು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ದಿನ ತುಂಬುತ್ತ ಹೋದಂತೆ ಒಳಗಿನ ಜೀವದ ತೂಕವೂ ಏರುತ್ತದೆ ಎಂಬಲ್ಲಿಗೆ ನಮ್ಮ ಮನಸ್ಸು ನಿಂತಿದೆ. ಆದರೂ ಆ ತಾಯಿಯನ್ನು ತಪ್ಪಿತಸ್ಥಳೆನ್ನಲು ಬಾಯಿ ಬರುವುದಿಲ್ಲ.

ಮೊದಲು ಹೇಳಿದ ಮನೆಗೆ ಮರಳುತ್ತೇವೆ. ನಿನಗೆ ತಿಳಿದಂತೆ ಮಾಡು, ಮಠ ನಿನ್ನ ಜೊತೆಗಿದೆ ಎಂದು ಬುದ್ಧಿಯವರು ಆ ಹುಡುಗಿಗೆ ಹೇಳಿ ವಿಭೂತಿ ಕೊಟ್ಟರು. ಇಬ್ಬರು ವೈದ್ಯರ ಅಭಿಪ್ರಾಯ ಪಡೆದು ಅವಳು ತೆಗೆಸುವುದೆಂದು ನಿರ್ಧರಿಸಿದಳು. ಅವಳ ಪ್ರಶ್ನೆ ಮಾತ್ರ ಹಾಗೇ ಇತ್ತು. ವಿಚಾರಿಸಿದಾಗ ತಿಳಿದದ್ದು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮದಂತೆ, ಬದುಕಬಲ್ಲ ಅವಧಿ ಮುಟ್ಟದ ಶಿಶು ಆಸ್ಪತ್ರೆಯ ಹಳದಿ ಚೀಲಕ್ಕೆ ಹೋಗುತ್ತದೆ, ಕತ್ತರಿಸಿ ತೆಗೆದ ಅಂಗಾಂಗಗಳ ಜೊತೆಗೆ. ಅಲ್ಲಿಂದ ಸಾಮಾನ್ಯವಾಗಿ ಸುಡುವ ಕುಲುಮೆಗೆ. ಮಣ್ಣು ಮಾಡುವ ನಮ್ಮವರ ಮನಸ್ಸಿಗೆ ಇದು ಹೇಗಿರುತ್ತದೆ! ಮನೆಯವರು ಬರೆದುಕೊಟ್ಟು ಕೇಳಿದ್ದರಿಂದ ಆಸ್ಪತ್ರೆಯವರು ಕೊಟ್ಟರು. ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದರು, ಒಂದು ಅಂಗೈ ಹಿಡಿಸುವಷ್ಟು. ಬುದ್ಧಿಯವರು ವಿಭೂತಿ ಧರಿಸಿದರು. ಲಿಂಗ ಕಟ್ಟುವ ತಿಂಗಳಾಗಿರಲಿಲ್ಲವಾದ್ದರಿಂದ ಲಿಂಗವಿರಲಿಲ್ಲ. ರುದ್ರಭೂಮಿಯ ಬೇವಿನ ಮರದ ಬಳಿ ಮಣ್ಣು ಮಾಡಿದೆವು. ಅತ್ತೆಯವರೂ ದೊಡ್ಡಪ್ಪನವರೂ ಬಂದು ಮೂರು ಹಿಡಿ ಮಣ್ಣು ಹಾಕಿದರು.

ರುದ್ರಭೂಮಿಯ ಪುಸ್ತಕದಲ್ಲಿ ಬರೆಯಲು ಕುಳಿತಾಗ ಹೆಸರಿನ ಕಾಲಮ್ಮಿಗೆ ಏನು ತುಂಬುವುದೆಂದು ತಿಳಿಯಲಿಲ್ಲ. ಖಾಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಬುದ್ಧಿಯವರನ್ನು ಕೇಳಿದೆವು. ತಾಯಿಯ ಹೆಸರು ಬರೆದು ಅವಳ ಶಿಶು ಎಂದು ಬರಿ ಎಂದರು. ಹಾಗೇ ಬರೆದಿದ್ದೇವೆ.

ಇಂಥ ಪ್ರಸಂಗ ಬಂದ ಮನೆಯವರಿಗೆ ಬೇವಿನ ಮರದ ಬಳಿಯ ಆ ಜಾಗವನ್ನು ಇನ್ನು ಮುಂದೆ ಬಿಟ್ಟುಕೊಡುವುದೆಂದು ಸಮಿತಿ ತೀರ್ಮಾನಿಸಿದೆ. ಯಾವ ಕಾಣಿಕೆಯೂ ಇಲ್ಲ. ಆಸ್ಪತ್ರೆಗೆ ಕೊಡಬೇಕಾದ ಅರ್ಜಿಯ ನಮೂನೆ ಕನ್ನಡ ತಮಿಳು ಎರಡರಲ್ಲೂ ಕಛೇರಿಯಲ್ಲಿ ದೊರೆಯುತ್ತದೆ. ಗರ್ಭಲಿಂಗಧಾರಣೆ ಮಾಡಿಸುವವರು ಏಳು ತುಂಬುವ ಮೊದಲೇ ತಿಳಿಸಿದರೆ ಬುದ್ಧಿಯವರು ಮನೆಗೇ ದಯಮಾಡಿಸುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡರೆ ತಲೆಬುರುಡೆ, ಬೆನ್ನುಹುರಿಗಳ ಇಂಥ ದೋಷ ಬಹುಮಟ್ಟಿಗೆ ತಪ್ಪುತ್ತದೆಂದು ವೈದ್ಯರು ಹೇಳಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು. ಮುಂದಿನ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಲ್ಲಿ ಈ ಪಾಠದ ಮೇಲೆ ಚರ್ಚೆ ಇದೆ. ಯಜಮಾನರು ತಾವು ಮಾತ್ರ ಬರದೆ ಮನೆಯ ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಕರೆತರಬೇಕಾಗಿ ವಿನಂತಿ. ಈ ಸಲ ಅವರಿಗೆ ಮುಂದಿನ ಸಾಲಿನಲ್ಲಿ ಜಮಖಾನ ಹಾಸಿಸುತ್ತೇವೆ.